ಹಿಂದ ಬೆರೆಸಿ ನಿತ್ತರು

ನೆರೆಮನೆಯಿಂದ ಬಂದ ತಾಟನ್ನು ಬರಿದಾಗಿ ಹಿಂತಿರುಗಿಸಬಾರದು ಎಂಬ ನೇಮವನ್ನು ಗೌರಾದೇವಿಯವರು ಮುಧೋಳದಿಂದ ಅಮೆರಿಕದ ಮುಕಿಲ್ಟಿಯೊದವರೆಗೆ ಒಂದಿಷ್ಟೂ ಸವೆಯದಂತೆ ತಂದಿದ್ದರು. ಪಕ್ಕದ ಮನೆಯ ಬಿರ್ಗಿಟ್ ಎಂಬ ಡೆನ್ಮಾರ್ಕಿನ ಅಜ್ಜಿಗೆ ಈ ನೇಮ ಗೊತ್ತಿರಲಿಲ್ಲ. ಹೊಸದಾಗಿ ಬಂದವರೆಂದು ಒಂದು ನೀಲಿ ತಾಟಿನಲ್ಲಿ ತಾವೇ ಮಾಡಿದ ತಿಂಡಿ ಕೊಟ್ಟರು. ತಾಟು ಹೋಳಿಗೆ ಹೊತ್ತು ಮರಳಿತು. ಹೋಳಿಗೆ ತಿಂದು ಸುಮ್ಮನಿರುವುದು ಹೇಗೆಂದು ಅಜ್ಜಿ ಮತ್ತೆ ತುಂಬಿ ಕಳಿಸಿದರು. ಹೀಗೆ ನಾಲ್ಕು ವರ್ಷದಿಂದ ಆ ತಾಟು ಬೇಲಿಯ ಆಚೆಗೂ ಈಚೆಗೂ ಓಡಾಡುತ್ತಿತ್ತು. ಮುಕಿಲ್ಟಿಯೊದ ಫೆರಿ ಮಂಜು ಬಿದ್ದ ದಿನ ತಡವಾದೀತು, ತಾಟು ತಡವಾದದ್ದಿಲ್ಲ.

ಗೌರಾದೇವಿ ಆಕೆಯನ್ನು ಬಿರ್ಗಿಟವ್ವ ಎಂದು ಕರೆಯುತ್ತಿದ್ದರು, ಆಕೆ 'ಓ' ಎನ್ನುತ್ತಿದ್ದರು. ಈ ಮನೆಯವರು ಮೊಟ್ಟೆ ತಿನ್ನುವುದಿಲ್ಲವೆಂದು ತಿಳಿದ ದಿನದಿಂದ ಬಿರ್ಗಿಟವ್ವ ತಮ್ಮ ಅಜ್ಜಿಯ ಕಾಲದ ಪಾಕವಿಧಾನದಿಂದ ಮೊಟ್ಟೆಯನ್ನು ಕಿತ್ತು ಹಾಕಿದ್ದರು. ಗೌರಾದೇವಿಯೂ ಕಡಿಮೆಯವರಲ್ಲ. ತಾಟಿನಲ್ಲಿರುವುದು ಏನೆಂದು ಅಜ್ಜಿಗೆ ತಿಳಿಯಲಿ ಎಂದು ಮುಚ್ಚಿದ ಹಾಳೆಯ ಮೇಲೆ 'ಹೋಳಿಗೆ' ಎಂದು ದಪ್ಪ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಕಳಿಸುತ್ತಿದ್ದರು. ಅಜ್ಜಿ ಆ ಹೋಳಿಗೆಯನ್ನು ಸಿಕ್ಕಾಗ ಸಿಕ್ಕಂತೆ ತಿನ್ನುತ್ತಿರಲಿಲ್ಲ. ಭಾನುವಾರ ಚರ್ಚಿಗೆ ಹೋಗಿ ಬಂದು, ಕೈಮುಗಿದು, ಒಂದು ಗಳಿಗೆ ಕಣ್ಣುಮುಚ್ಚಿ, ಆಮೇಲೆ ತಿನ್ನುತ್ತಿದ್ದರು.

"ತಿನ್ನೂ ಪದಾರ್ಥಕ್ಕ ಎಷ್ಟ್ ಮರ್ಯಾದಿ ನೋಡ್ರಿ," ಎಂದು ಗೌರಾದೇವಿ ಗಂಡನಿಗೆ ತೋರಿಸುತ್ತಿದ್ದರು. "ನೀವು ಫೋನ್ ನೋಡ್ಕೋತ ನುಂಗ್ತೀರಿ."

ಎಲ್ಲವೂ ಸುಖವಾಗಿತ್ತು. ಆದರೆ ಒಂದು ಸೆಪ್ಟೆಂಬರಿನ ಮಧ್ಯಾಹ್ನ ಗೌರಾದೇವಿಯ ಯಜಮಾನರಾದ ಸೋಮಲಿಂಗಪ್ಪನವರು ಆ ತಿಂಡಿಯ ಹೆಸರೇನೆಂದು ಕೇಳಿಬಿಟ್ಟರು.

ಸೋಮಲಿಂಗಪ್ಪನವರು ಊರಾಚೆಯ ವಿಮಾನ ಕಾರ್ಖಾನೆಯಲ್ಲಿ ಬಿಡಿಭಾಗಗಳ ಅಳತೆ ನೋಡುವ ಇನ್ಸ್‌ಪೆಕ್ಟರು. ವರ್ನಿಯರ್ ಕ್ಯಾಲಿಪರ್ ಹಚ್ಚದೆ ಯಾವುದನ್ನೂ ನಂಬುವವರಲ್ಲ. ಆದರೆ ವರ್ನಿಯರಿಗೆ ಸಿಗದ ವಿಷಯ ಬಂದರೆ ಅವರಷ್ಟು ಬೇಗ ನಂಬುವವರು ಇಡೀ ವಾಷಿಂಗ್ಟನ್ ರಾಜ್ಯದಲ್ಲಿ ಇರಲಿಲ್ಲ. ಆ ದಿನ ಅವರ ಕೈಯಲ್ಲಿದ್ದುದು ಬಿರ್ಗಿಟವ್ವನ ಕೈಚಳಕದ ಉದ್ದನೆಯ ತುಂಡು: ಎರಡು ತೆಳುವಾದ ಗರಿಗರಿ ಬಿಸ್ಕತ್ತಿನ ಪದರ, ನಡುವೆ ಕೆಂಪು ಜಾಮು, ಮೇಲೆ ಬಿಳಿ ಸಕ್ಕರೆಯ ಲೇಪ. ಬೇಲಿಯ ಬಳಿ ನಿಂತು ಹೆಸರು ಕೇಳಿದರು. ಪರದೇಶದವರಿಗೆ ತಿಳಿಯಲೆಂದು ಅಜ್ಜಿ ಬಿಡಿಸಿ ಬಿಡಿಸಿ ಹೇಳಿದರು:

"ಹಿಂದ್... ಬೇರ್ಸ್... ನಿತ್ತರ್."

ಸೋಮಲಿಂಗಪ್ಪನವರು ಅದನ್ನು ಮೂರು ಸಲ ಹೇಳಿಸಿದರು. ಆಮೇಲೆ ಬಾಯಲ್ಲಿದ್ದ ತುಂಡನ್ನು ನುಂಗಲೂ ಮರೆತು ಮನೆಯೊಳಗೆ ಓಡಿದರು.

"ಗೌರಾ! ಏನಂದ್ಲು ಕೇಳಿದ್ಯೇನು? ಹಿಂದ ಬೆರೆಸಿ ನಿತ್ತರು!"

"ಯಾರು ನಿತ್ತರು?"

"ನಮ್ಮವರು! ಇದು ಅಚ್ಚ ಕನ್ನಡ ಐತಿ, ಅದೂ ನಮ್ಮ ಕಡೀ ಕನ್ನಡ! ಹಿಂದ ಅಂದ್ರ ಹಿಂದಿನ ಕಾಲದಾಗ. ಹಿಟ್ಟು ಬೆರೆಸಿ ನಿತ್ತರು. ಬೆಂಗಳೂರಿನವರ ಆಗಿದ್ರ 'ನಿಂತ್ಕೊಂಡ್ರು' ಅಂತಿದ್ರು. ನಿತ್ತರು ಅನ್ನಾವರು ನಾವ!"

"ಬೆರೆಸಿ ಯಾಕ ನಿತ್ತರು? ಕೂಡಾಕ ಏನಾಗಿತ್ತು?"

ಇದು ಸೋಮಲಿಂಗಪ್ಪನವರಿಗೂ ಹೊಳೆಯದ ಪ್ರಶ್ನೆ. ಸಂಶೋಧನೆ ಹುಟ್ಟುವುದೇ ಇಂಥ ಪ್ರಶ್ನೆಗಳಿಂದ. ಹೈಸ್ಕೂಲಿನಲ್ಲಿ ಓದುವ ಮಗಳು ಮಧುರಾ ಸೋಫಾದಿಂದಲೇ, "ಜಸ್ಟ್ ಗೂಗಲ್ ಇಟ್, ಅಪ್ಪಾ" ಎಂದಳು. ಅವರು ಕಿವಿಗೆ ಬಿದ್ದಂತೆ ಟೈಪ್ ಮಾಡಿದರು. ಗೂಗಲ್ಲು ಬೇರಿಂಗ್ ಮಾರುವ ಅಂಗಡಿಗಳ ಪಟ್ಟಿ ಕೊಟ್ಟಿತು. ಇಷ್ಟು ಮಹತ್ವದ ವಿಷಯ ಅಂತರ್ಜಾಲದಲ್ಲಿ ಇಲ್ಲವೆಂದರೆ ಇದನ್ನು ಮೊದಲು ಕಂಡವರು ತಾವೇ ಎಂದು ಅವರಿಗೆ ಖಾತ್ರಿಯಾಯಿತು.

ಮರುದಿನ ಬಿರ್ಗಿಟವ್ವನಿಂದ ಪಾಕದ ಚೀಟಿ ತಂದರು. ಚೀಟಿಯ ತಲೆಬರಹದ ಮೇಲೆ ಯಾವುದೋ ಕಾಲದ ಜಾಮು ಬಿದ್ದು ಹೆಸರು ಪೂರ್ತಿ ಮುಚ್ಚಿಹೋಗಿತ್ತು. ಕೆಳಗೆ ಹಿಟ್ಟು, ಬೆಣ್ಣೆ, ಸಕ್ಕರೆ ಪುಡಿ. ಮೊಟ್ಟೆಯ ಮೇಲೆ ಪೆನ್ಸಿಲ್ ಗೆರೆ ಎಳೆದು 'ಎರಡು ಚಮಚ ತಣ್ಣನೆಯ ಹಾಲು' ಎಂದು ತಿದ್ದಿತ್ತು. ಅದರ ಕೆಳಗಿನ ಸಾಲು ಓದಿ ಸೋಮಲಿಂಗಪ್ಪನವರ ಮೈ ಜುಮ್ಮೆಂದಿತು. ಅಜ್ಜಿಯ ಇಂಗ್ಲಿಷಿನಲ್ಲಿ ಬರೆದಿತ್ತು: 'ಮಿಕ್ಸ್. ಸ್ಟ್ಯಾಂಡ್ ಒನ್ ಅವರ್, ಕೋಲ್ಡ್.'

ಬೆರೆಸು. ನಿಲ್ಲು. ಇನ್ನೇನು ಪುರಾವೆ ಬೇಕು?

ಆ ಶನಿವಾರ ಬೆಳಿಗ್ಗೆ ಅವರು ಹಿಟ್ಟು ಬೆರೆಸಿ ಫ್ರಿಜ್ಜಿನಲ್ಲಿಟ್ಟರು. ಸ್ವೆಟರ್ ಕಳಚಿದರು. ಹೀಟರ್ ಆರಿಸಿದರು. ಫ್ರಿಜ್ಜಿನ ಮುಂದೆ ಕೈಕಟ್ಟಿ ನಿಂತರು. ಇಪ್ಪತ್ತನೇ ನಿಮಿಷಕ್ಕೆ ಹಲ್ಲು ಕಟಕಟಿಸಿದವು. ನೀರು ಕುಡಿಯಲು ಬಂದ ಮಧುರಾ ಅಪ್ಪನನ್ನು ನೋಡಿದಳು, ಚೀಟಿಯನ್ನು ನೋಡಿದಳು.

"ಅಪ್ಪಾ, ದ ಡೋ ಸ್ಟ್ಯಾಂಡ್ಸ್. ನಾಟ್ ಯು."

"ಹಿಂದಿನವರು ಸುಮ್ಮಸುಮ್ಮನ ನಿತ್ತಿರ್ತಾರೇನು? ಅದಕ್ಕೊಂದು ಕಾರಣ ಇರತೈತಿ," ಎಂದರು ಸೋಮಲಿಂಗಪ್ಪನವರು, ನಡುಗುತ್ತ.

ಮೊದಲ ಸಲದ ತಿಂಡಿ ಮೂರು ಮಿಲಿಮೀಟರ್ ದಪ್ಪಕ್ಕೆ ಕೂದಲೆಳೆಯಷ್ಟೂ ಹೆಚ್ಚುಕಮ್ಮಿಯಾಗದೆ ಬಂತು. ಹಲ್ಲಿಗೆ ಮಾತ್ರ ಬಗ್ಗಲಿಲ್ಲ. ಬಿರ್ಗಿಟವ್ವ ಬಂದು ಒಂದು ತುಂಡನ್ನು ಮೇಜಿಗೆ ಕುಟ್ಟಿ ಸದ್ದು ಕೇಳಿದರು. "ನೀನು ಹಿಟ್ಟಿನ ಜೊತೆ ಕುಸ್ತಿ ಆಡಿದ್ದೀ. ಇದನ್ನು ನಾದಬಾರದು, ಸುಮ್ಮನೆ ಒಟ್ಟುಗೂಡಿಸಬೇಕು. ಬೆಣ್ಣೆ ತಣ್ಣಗಿರಬೇಕು, ಕೈಯೂ ತಣ್ಣಗಿರಬೇಕು," ಎಂದರು. ಒಂದು ಗಂಟೆ ಚಳಿಯಲ್ಲಿ ನಿಂತವರಿಗೆ ಕೈ ತಣ್ಣಗಾಗುವುದು ಸಹಜವಲ್ಲವೇ? ಸೋಮಲಿಂಗಪ್ಪನವರಿಗೆ ಹಿಂದಿನವರು ನಿತ್ತ ಕಾರಣವೂ ಸಿಕ್ಕಿಬಿಟ್ಟಿತು.

ಮುಂದಿನ ನಾಲ್ಕು ಶನಿವಾರ ಅಜ್ಜಿ ಬಂದು ಕಲಿಸಿದರು. ಹಾಳೆಯಷ್ಟು ತೆಳ್ಳಗೆ ಲಟ್ಟಿಸುವುದು, ಎರಡೂ ಪದರ ಬೆಂದ ಮೇಲೆ ಜಾಮು ಸವರುವುದು, ಲೇಪ ಆರುವ ಮುಂಚೆಯೇ ಅಂಚು ಕತ್ತರಿಸುವುದು. ಸೋಮಲಿಂಗಪ್ಪನವರು ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿದರು. ಅಜ್ಜಿಯ ಅಜ್ಜಿಗೆ ಇದನ್ನು ಕಲಿಸಿದವರು ಯಾರು? ಅವರ ಮನೆಯಲ್ಲಿ ಒರಳು ಇತ್ತೇ? ಅವರ ಮೈಬಣ್ಣ ಹೇಗಿತ್ತು? ಎಂಬತ್ತು ದಾಟಿದ ಬಿರ್ಗಿಟವ್ವನಿಗೆ ತನ್ನ ಅಜ್ಜಿಯ ಬಗ್ಗೆ ಯಾರಾದರೂ ಕೇಳಿ ಎಷ್ಟು ಕಾಲವಾಗಿತ್ತೋ, ಒಂದೊಂದಕ್ಕೂ ಅರ್ಧ ಗಂಟೆ ಉತ್ತರ ಕೊಟ್ಟರು. ತಮ್ಮ ಸಂಶೋಧನೆಯನ್ನು ಮಾತ್ರ ಸೋಮಲಿಂಗಪ್ಪನವರು ಹೇಳಲಿಲ್ಲ. ಸಭೆಯಲ್ಲೇ ಹೇಳಿ ಬೆರಗು ಮಾಡಬೇಕೆಂದಿದ್ದರು.

ಸಭೆ ಎಲ್ಲಿಂದ ಬಂತೆಂದರೆ, ಅವರು ಕನ್ನಡ ಕೂಟದ ವಾಟ್ಸಾಪ್ ಗುಂಪಿನಲ್ಲಿ ನಾಲ್ಕು ಸಾಲು ಬರೆದಿದ್ದರು. ಬರೆದ ಮೂರನೇ ನಿಮಿಷಕ್ಕೆ ಸಮಾಮಿಶ್ ಎಂಬ ಊರಿನಿಂದ ಕೂಟದ ಕಾರ್ಯದರ್ಶಿ ಸುಬ್ಬಣ್ಣನವರ ಕಾಲ್ ಬಂತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರನ್ನು ನಾವು ಕಂಡಿದ್ದೇವೆ. ಮೈಸೂರಿನ ಸುಬ್ಬಣ್ಣನವರು ಅಷ್ಟಕ್ಕೆ ನಿಲ್ಲುವವರಲ್ಲ, ಕರುವಿಗೆ ಹೆಸರಿಟ್ಟು ತೊಟ್ಟಿಲಿಗೂ ಹಾಕುವವರು.

"ಸಾರ್, ಏನ್ ಸಾರ್ ಇದು! ನಂಗೆ ರೋಮಾಂಚನ ಆಗೋಯ್ತು ಸಾರ್! ರಾಜ್ಯೋತ್ಸವಕ್ಕೆ ನಿಮ್ದೇ ಮೇನ್ ಪ್ರೋಗ್ರಾಂ. ಲೆಕ್ಚರ್ ವಿತ್ ಡೆಮೋ. ಇನ್ನೂರು ಪೀಸ್ ಮಾಡ್ಕೊಂಡ್ ಬನ್ನಿ. ಆ ಡ್ಯಾನಿಶ್ ಅಜ್ಜೀನ ಚೀಫ್ ಗೆಸ್ಟ್ ಮಾಡೋಣ. ಅವ್ರ ಬಾಯಲ್ಲೇ ಆ ವರ್ಡ್ ಹೇಳಿಸೋಣ!"

ಸಂಜೆಯೊಳಗೆ ಕರಪತ್ರ ಹೊರಟಿತು: 'ಒಂದು ಕನ್ನಡ ವಾಕ್ಯದ ಜಾಗತಿಕ ಪಯಣ. ಸಂಶೋಧಕ ಸೋಮಲಿಂಗಪ್ಪನವರಿಂದ.' ಎರಡು ದಿನದಲ್ಲಿ ಅದು ಸಮುದ್ರ ದಾಟಿ ಮುಧೋಳ ತಲುಪಿತು. ಮೂರನೇ ದಿನ ಗೌರಾದೇವಿಯ ತಮ್ಮ ಶಶಿಕಾಂತ ಫೋನ್ ಮಾಡಿದ.

"ಮಾಮಾ, ಇಲ್ಲಿ ಎಲ್ಲಾರ ಫೋನಿಗೂ ಬಂದೈತಿ. ಡೆನ್ಮಾರ್ಕ್ ಅಂದ್ರ 'ದನ ಮಾರ್ಕ' ಅಂತಲ್ರಿ? ಹಿಂದಕ ನಮ್ಮ ದನದ ಸಂತಿ ಅಲ್ಲೀತನಕ ಇತ್ತಂತ!"

"ಅದನ್ನ ನಾ ಹೇಳಿಲ್ಲೋ."

"ನೀವ ಹೇಳೀರಿ ಅಂತ ಬರದೈತಲ್ರಿ. ಫೋಟೋನೂ ಹಾಕ್ಯಾರ. ಹೈಸ್ಕೂಲ್ ಮಾಸ್ತರು ಹುಡುಗೋರ ಕಡಿಂದ ಬಾಯಿಪಾಠ ಮಾಡ್ಸಾಕತ್ಯಾರ."

ಸೋಮಲಿಂಗಪ್ಪನವರು ಫೋನ್ ಇಟ್ಟು ಸ್ವಲ್ಪ ಹೊತ್ತು ಯೋಚಿಸಿದರು. ಡೆನ್ಮಾರ್ಕಿನಲ್ಲಿ ಬೆಣ್ಣೆ ಬಹಳ, ಬೆಣ್ಣೆಗೆ ದನ ಬೇಕು. ದನ ಮಾರ್ಕ ಇದ್ದರೂ ಇರಬಹುದೇನೋ ಎಂದು ಅವರಿಗೂ ಅನ್ನಿಸತೊಡಗಿತು. ತಾವು ಬಿಟ್ಟ ಗಾಳಿಪಟದ ಬಾಲಕ್ಕೆ ತಾವೇ ಜೋತುಬೀಳುವುದು ಹೀಗೆ.

ಮನೆಯಲ್ಲಿ ಸಂತೋಷಪಡದವರೆಂದರೆ ಗೌರಾದೇವಿ ಒಬ್ಬರೇ. ಒಂದು ದಿನ ಅವರು ರೊಟ್ಟಿ ತಟ್ಟುವುದನ್ನು ನಿಲ್ಲಿಸಿ ಗಂಡನ ಕಡೆ ತಿರುಗಿದರು.

"ಅಲ್ರೀ, ನಮ್ಮ ಸಲುವಾಗಿ ಆಕಿ ತತ್ತಿ ಬಿಟ್ಲು. ನೀವು ಆಕಿ ತಿಂಡೀನೂ ಬಿಡವಲ್ರಿ. ಇನ್ನೂರು ಮಂದಿ ಮುಂದ ಆಕೀನ ಕುಂದ್ರಿಸಿ, 'ಅವ್ವಾ, ಇದು ನಿಮ್ಮಜ್ಜೀದಲ್ಲ, ನಮ್ದು' ಅಂದ್ರ ಆ ತಾಟು ಮತ್ತ ನಮ್ಮನಿಗೆ ಬರತೈತೇನು?"

"ಸತ್ಯ ಸತ್ಯನ ಅಲ್ಲೇನು?"

"ಯಾರು ಮಾಡಿದ್ರೇನು, ತಿನ್ನಾಕ ಕೊಟ್ಟಾರಲ್ಲ. ತಿನ್ನೂದರ ಮ್ಯಾಲ ಯಾರ ಹೆಸರೂ ಬರದಿರಂಗಿಲ್ಲ. ತಿಂದು ಸುಮ್ಮನಿರ್ರಿ."

ಸೋಮಲಿಂಗಪ್ಪನವರು ಇದನ್ನು ಸ್ತ್ರೀಸಹಜ ಮೃದುತ್ವವೆಂದು ಬಗೆದು ಬಿಟ್ಟುಬಿಟ್ಟರು. ಆದರೂ ಆ ತಾಟಿನ ಮಾತು ಹಲ್ಲಿನ ಸಂದಿಗೆ ಸಿಕ್ಕಿದ ಬಡೇಸೋಪಿನಂತೆ ಉಳಿದುಕೊಂಡಿತು.

ರಾಜ್ಯೋತ್ಸವ ಶನಿವಾರ. ಶುಕ್ರವಾರ ಅವರು ರಜೆ ಹಾಕಿ ಇನ್ನೂರು ತುಂಡಿಗೆ ಕೈಹಾಕಿದರು. ಇಷ್ಟು ದೊಡ್ಡ ಕೆಲಸಕ್ಕೆ ಅಂಗಡಿಯ ಸಾದಾ ಜಾಮು ಸಾಲದೆಂದು ಬಿರ್ಗಿಟವ್ವ ತಮ್ಮವರ ಅಂಗಡಿಯಿಂದ ಡೆನ್ಮಾರ್ಕಿನ ಜಾಮಿನ ಆರು ಸೀಸೆ ತರಿಸಿ ಮೆಟ್ಟಿಲ ಮೇಲಿಟ್ಟು ಹೋಗಿದ್ದರು. ಸೋಮಲಿಂಗಪ್ಪನವರು ಇನ್ಸ್‌ಪೆಕ್ಟರು ತಾನೇ? ಲೇಬಲ್ ಓದದೆ ಸೀಸೆ ತೆರೆಯುವುದುಂಟೇ? ಓದಿದರು. ಎ ಮತ್ತು ಇ ಎರಡೂ ಅಕ್ಷರ ಒಂದಕ್ಕೊಂದು ಅಂಟಿಕೊಂಡಿದ್ದವು. ಛಾಪಿಸುವಾಗ ಆದ ದೋಷ ಎಂದುಕೊಂಡರು. ಆರೂ ಸೀಸೆಯಲ್ಲಿ ಅದೇ ದೋಷ. ಆಮೇಲೆ ಪೂರ್ತಿ ಪದ ಓದಿದರು.

ಹಿಂದ್‌ಬೇರ್.

ಪದದ ಕೆಳಗೆ ಒಂದು ಕೆಂಪು ಹಣ್ಣಿನ ಚಿತ್ರ.

"ಮಧುರಾ! ಇದೇನಿದು?"

ಮಧುರಾ ಬಂದು ಸೀಸೆ ನೋಡಿದಳು. "ರಾಸ್ಪ್‌ಬೆರಿ, ಅಪ್ಪಾ. ದೇರ್ ಈಸ್ ಅ ಪಿಕ್ಚರ್."

"ಮತ್ತ... ನಿತ್ತರು?"

ಅವಳು ಸೀಸೆಯ ಮೇಲಿದ್ದಂತೆಯೇ ಅಕ್ಷರ ಹಾಕಿ ಫೋನಿನಲ್ಲಿ ಹುಡುಕಿದಳು. "ನಿತ್ತರ್ ಅಲ್ಲ, ಸ್ನಿತ್ತರ್. ಸ್ಲೈಸಸ್. ರಾಸ್ಪ್‌ಬೆರಿ ಸ್ಲೈಸಸ್. ದಟ್ಸ್ ಇಟ್."

"ಅಂದ್ರ ಯಾರೂ ನಿತ್ತಿಲ್ಲೇನು?"

"ನೋ ವನ್ ಸ್ಟುಡ್, ಅಪ್ಪಾ. ಓನ್ಲಿ ಯು."

ಸೋಮಲಿಂಗಪ್ಪನವರು ಆ ದಿನ ಮೊದಲ ಸಲ ಕುಳಿತರು. ಹಣ್ಣಿನ ತುಂಡು. ಇಷ್ಟೇ. ಬಾಳೆಕಾಯಿ ಬಜ್ಜಿ ಎಂಬುದರಲ್ಲಿ ಎಷ್ಟು ಇತಿಹಾಸವಿದೆಯೋ ಇದರಲ್ಲೂ ಅಷ್ಟೇ. ಕೂಡಲೇ ಸುಬ್ಬಣ್ಣನವರಿಗೆ ಕಾಲ್ ಮಾಡಿ ವಿಷಯ ಹೇಳಿದರು.

"ಸಾರ್, ಈಗ ಹೇಳ್ತಿದೀರಾ?" ಎಂದರು ಸುಬ್ಬಣ್ಣ. "ಫ್ಲೆಕ್ಸ್ ಪ್ರಿಂಟ್ ಆಗಿ ಬಂದಿದೆ. ವುಡಿನ್‌ವಿಲ್‌ನಿಂದ ಹನ್ನೆರಡು ಫ್ಯಾಮಿಲಿ ಬರ್ತಿದೆ. ಈಗ ಎಲ್ಲಾ ಸುಳ್ಳು ಅಂದ್ಬಿಟ್ರೆ ಹೆಂಗೆ? ಒಂದ್ನಿಮಿಷ ಇರಿ... ಏನಂದ್ರಿ, ರಾಸ್ಪ್‌ಬೆರಿನಾ?"

"ಹೌದ್ರಿ."

"ರಸ... ಬೇರು! ಸಾರ್! ರಸಬೇರು! ಅದೂ ಕನ್ನಡಾನೇ ಸಾರ್! ನಾಳೆ ಇದನ್ನೇ ಹೇಳಿ!"

ಬಿಸಿ ತುಪ್ಪ ಬಾಯಲ್ಲಿ ಹಾಕಿಕೊಂಡವರ ಪಾಡು ಸೋಮಲಿಂಗಪ್ಪನವರದು. ನುಂಗಿದರೆ ಬಿರ್ಗಿಟವ್ವನ ಎದುರು ಕಳ್ಳ. ಉಗುಳಿದರೆ ಸಮಾಮಿಶ್‌ನಿಂದ ಮುಧೋಳದವರೆಗೆ ಮೂರ್ಖ.

ಸಮಾಮಿಶ್‌ನ ಸಭಾಂಗಣ ತುಂಬಿತ್ತು. ಫ್ಲೆಕ್ಸಿನಲ್ಲಿ ಸೋಮಲಿಂಗಪ್ಪನವರ ಮುಖ, ಪಕ್ಕದಲ್ಲಿ ಡೆನ್ಮಾರ್ಕಿನ ನಕಾಶೆ, ನಕಾಶೆಯ ಮೇಲೆ ಒಂದು ಆಕಳು. ಮುಂದಿನ ಸಾಲಿನಲ್ಲಿ ಬಿರ್ಗಿಟವ್ವ ಗೌರಾದೇವಿಯ ಇಳಕಲ್ ಸೀರೆ ಉಟ್ಟು, ತಮ್ಮ ಅಜ್ಜಿಯ ಫೋಟೋವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು. ಆ ಫೋಟೋ ತರಬೇಕೆಂದು ಯಾರೂ ಹೇಳಿರಲಿಲ್ಲ. ಅಜ್ಜಿಯ ತಿಂಡಿಗೆ ಸನ್ಮಾನವೆಂದರೆ ಅಜ್ಜಿಯೂ ನೋಡಲಿ ಎಂದು ತಾವೇ ತಂದಿದ್ದರು.

ಸೋಮಲಿಂಗಪ್ಪನವರು ಮೈಕಿನ ಮುಂದೆ ನಿಂತು ಜೇಬಿನಲ್ಲಿದ್ದ ವರ್ನಿಯರನ್ನು ಗಟ್ಟಿಯಾಗಿ ಹಿಡಿದುಕೊಂಡರು. ಒಮ್ಮೆ ಫ್ಲೆಕ್ಸಿನ ಆಕಳನ್ನು ನೋಡಿದರು. ಒಮ್ಮೆ ಫೋಟೋ ನೋಡಿದರು. ಮೈಬಣ್ಣ ಹೇಗಿತ್ತೆಂದು ತಾವು ಕೇಳಿದ್ದ ಆ ಅಜ್ಜಿ, ಹಿಟ್ಟು ಮೆತ್ತಿದ ಕೈಯನ್ನು ಏಪ್ರನ್ನಿಗೆ ಒರೆಸಿಕೊಳ್ಳುತ್ತ ನಗುತ್ತಿದ್ದಳು. ಅವರಿಗೆ ತುಂಬ ನಾಚಿಕೆಯಾಯಿತು. ಬಿರ್ಗಿಟವ್ವನಿಗೆ ತಿಳಿಯಲೆಂದು ಮೊದಲು ಇಂಗ್ಲಿಷಿನಲ್ಲಿ ಎಲ್ಲವನ್ನೂ ಒಪ್ಪಿಕೊಂಡರು, ಆಮೇಲೆ ಕನ್ನಡಕ್ಕೆ ಬಂದರು.

"ಹಿಂದ್‌ಬೇರ್ ಅಂದ್ರ ರಾಸ್ಪ್‌ಬೆರಿ. ಸ್ನಿತ್ತರ್ ಅಂದ್ರ ತುಂಡು. ಇದು ಈ ಅವ್ವನ ಅಜ್ಜಿ ತಿಂಡಿ. ಇದರಾಗ ನಮ್ದು ಏನೂ ಇಲ್ಲ. ನಾ ಸುಮ್ಮನ ಒಂದು ತಾಸು ಥಂಡ್ಯಾಗ ನಿತ್ತಿದ್ದೆ, ಅಷ್ಟ ನಮ್ದು."

ಸುಬ್ಬಣ್ಣನವರು ಪಕ್ಕದಿಂದ, "ರಸಬೇರು ಸಾರ್, ರಸಬೇರು" ಎಂದು ಪಿಸುಗುಟ್ಟುತ್ತಲೇ ಇದ್ದರು. ಹಿಂದಿನ ಸಾಲಿನಿಂದ ಯಾರೋ ಎದ್ದರು.

"ಹಂಗಾದ್ರೆ ದನ ಮಾರ್ಕ ಸುಳ್ಳಾ ಸಾರ್?"

"ಸುಳ್ರಿ."

"ತಿಂಡಿನಾದ್ರೂ ಸಿಗುತ್ತಾ?"

"ಅದು ಸಿಗತೈತ್ರಿ. ಇನ್ನೂರು ಐತಿ."

ಕೂಡಲೇ ಭಾರಿ ಚಪ್ಪಾಳೆ ಬಿತ್ತು. ಸಂಶೋಧನೆ ಹೋದರೂ ಊಟೋಪಚಾರ ಉಳಿದಿದ್ದರೆ ಕನ್ನಡಿಗರು ಯಾರನ್ನೂ ಕೈಬಿಡುವವರಲ್ಲ.

ಆದರೆ ಬಿರ್ಗಿಟವ್ವ ಚಪ್ಪಾಳೆ ತಟ್ಟಲಿಲ್ಲ. ಅವರ ಮುಖ ಕೆಂಪಾಗಿತ್ತು. ಫೋಟೋವನ್ನು ಕುರ್ಚಿಯ ಮೇಲಿಟ್ಟು, ಸೀರೆಯ ನೆರಿಗೆ ಹಿಡಿದು, ನಿಧಾನವಾಗಿ ವೇದಿಕೆ ಹತ್ತಿದರು. ಸೋಮಲಿಂಗಪ್ಪನವರು ನೀಲಿ ತಾಟಿನ ಆಸೆ ಬಿಟ್ಟು ತಲೆ ತಗ್ಗಿಸಿದರು. ಬಿರ್ಗಿಟವ್ವ ಮೈಕ್ ಹಿಡಿದು ಒಮ್ಮೆ ಕೆಮ್ಮಿದರು.

"ಇವನು ತಪ್ಪು ಒಪ್ಪಿಕೊಂಡ ಮೇಲೆ ನಾನು ಸುಮ್ಮನಿರುವುದು ಸರಿಯಲ್ಲ," ಎಂದರು. "ಗೌರಾ ನನಗೆ ಒಂದು ಸಿಹಿ ರೊಟ್ಟಿ ಕಳಿಸುತ್ತಾಳೆ. ಅದರ ಮೇಲೆ ಹೆಸರು ಬರೆದಿರುತ್ತಾಳೆ. ನಮ್ಮ ಭಾಷೆಯಲ್ಲಿ 'ಹೆಲ್ಲಿಗೆ' ಎಂದು ಒಂದು ಪದ ಇದೆ. ಪವಿತ್ರವಾದದ್ದು ಎಂದು ಅರ್ಥ. ಪಾಪ, ಗೌರಾಗೆ ಡ್ಯಾನಿಶ್ ಸ್ಪೆಲ್ಲಿಂಗ್ ಬರುವುದಿಲ್ಲ ಎಂದುಕೊಂಡೆ. ಹಿಂದೆ ನಮ್ಮ ಹಡಗಿನವರು ಯಾರೋ ಇಂಡಿಯಾಕ್ಕೆ ಹೋಗಿ ಈ ಪವಿತ್ರ ರೊಟ್ಟಿಯನ್ನು ಇವರಿಗೆ ಕಲಿಸಿ ಬಂದಿರಬೇಕು. ನಾಲ್ಕು ವರ್ಷದಿಂದ ಪ್ರಾರ್ಥನೆ ಮಾಡಿಯೇ ತಿನ್ನುತ್ತಿದ್ದೇನೆ. ನಮ್ಮ ಡ್ಯಾನಿಶ್ ಕ್ಲಬ್ಬಿನಲ್ಲೂ ಹೇಳಿದ್ದೇನೆ. ನಮ್ಮ ಪುರಾತನ ರೊಟ್ಟಿ ಮನೆಗೆ ಮರಳುವುದನ್ನು ನೋಡಲು ಈ ಕ್ರಿಸ್‌ಮಸ್‌ಗೆ ಎಂಬತ್ತು ಜನ ಕಾಯುತ್ತಿದ್ದಾರೆ."

ಸಭಾಂಗಣ ನಗೆಯಿಂದ ಬಿರಿಯಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಸೋಮಲಿಂಗಪ್ಪನವರು. ಎದೆಯ ಮೇಲಿನ ಕಲ್ಲು ಇಳಿದವರ ನಗೆ ಅದು. ಬಿರ್ಗಿಟವ್ವ ಅವರ ಕೈ ಹಿಡಿದು, "ತಾಟು ನನ್ನ ಹತ್ತಿರವೇ ಇದೆ, ಸೋಮವಾರ ಕಳಿಸುತ್ತೇನೆ," ಎಂದರು. ಸೋಮಲಿಂಗಪ್ಪನವರ ಕಣ್ಣು ತುಂಬಿ ಬಂತು.

ನಗದೆ ಇದ್ದವರು ಒಬ್ಬರೇ. ಗೌರಾದೇವಿ ಮುಂದಿನ ಸಾಲಿನಲ್ಲಿ ಎದ್ದು ನಿಂತಿದ್ದರು.

"ಹೋಳಿಗಿ ಡೆನ್ಮಾರ್ಕಿಂದಂತ?"

ಸೆರಗು ಸೊಂಟಕ್ಕೆ ಸಿಕ್ಕಿಸಿ ಎರಡೇ ಹೆಜ್ಜೆಗೆ ವೇದಿಕೆ ಹತ್ತಿದರು. ಸೋಮಲಿಂಗಪ್ಪನವರು ಅಡ್ಡ ಬಂದು ಮೆಲ್ಲಗೆ ಹೇಳಿದರು, "ಗೌರಾ, ತಿನ್ನೂದರ ಮ್ಯಾಲ ಯಾರ ಹೆಸರೂ ಬರದಿರಂಗಿಲ್ಲ ಅಂತ ನೀನ ಅಂದಿದ್ದೆಲ್ಲ?"

"ಅದು ಬಿಸ್ಕೀಟಿನ ಮಾತ್ರಿ. ಇದು ಹೋಳಿಗಿ! ಸರೀರಿ, ಆ ಮೈಕ್ ಕೊಡ್ರಿಲ್ಲೆ."

ಕಡಲೆಬೇಳೆ ಬೇಯಿಸುವಲ್ಲಿಂದ ಹೂರಣ ರುಬ್ಬುವವರೆಗೆ, ಮುಧೋಳದ ತಮ್ಮ ಮುತ್ತಜ್ಜಿಯಿಂದ ಹಿಡಿದು ಇಲ್ಲಿಯವರೆಗೆ, ಗೌರಾದೇವಿ ನಲವತ್ತು ನಿಮಿಷ ಮಾತಾಡಿದರು. ಬಿರ್ಗಿಟವ್ವ ಕುರ್ಚಿ ಎಳೆದುಕೊಂಡು, ಸುಬ್ಬಣ್ಣನವರಿಂದ ಪೆನ್ನು ಇಸಿದುಕೊಂಡು ಎಲ್ಲವನ್ನೂ ಬರೆದುಕೊಂಡರು. ಅಷ್ಟು ಹೊತ್ತೂ ಸೋಮಲಿಂಗಪ್ಪನವರು, ಕನ್ನಡ, ಡ್ಯಾನಿಶ್, ಬಿಸ್ಕತ್ತು, ಹೋಳಿಗೆ ಎಲ್ಲವನ್ನೂ ಒಂದೇ ಪಾತ್ರೆಯಲ್ಲಿ ಕಲಸಿಟ್ಟ ಮಹನೀಯರು, ಹೆಂಡತಿಯ ಬೆನ್ನ ಹಿಂದೆ ಕೈಕಟ್ಟಿಕೊಂಡು ಇದ್ದರು. ಹಾಗೆ ನೋಡಿದರೆ ಅವರ ಸಂಶೋಧನೆ ಪೂರ್ತಿ ಸುಳ್ಳೇನೂ ಅಲ್ಲ. ಹಿಂದ, ಬೆರೆಸಿ, ನಿತ್ತರು.